ಅವ್ವನ ಕೋರೆಗಾಂವ್

ಮೊನ್ನೆ ಚಳಿ ಜೋರಾಯಿತೆಂದು ಬೀರುವಿನಲ್ಲಿ ನನ್ನ ಮಂಕಿ ಟೋಪಿಗಾಗಿ ತಡಕಾಡುತ್ತಿದ್ದೆ. ಕನ್ನಡಕ ಹಾಕಿರಲಿಲ್ಲ. ಕಂಬಳಿಗಳ ಸಂದಿಯಲ್ಲಿ ಕಪ್ಪಗೆ ಮೆತ್ತಗೆ ಏನೋ ಕೈಗೆ ಸಿಕ್ಕಿತು. ಎಳೆದು ತಲೆಗೆ ಹಾಕಿಕೊಂಡೆ. ಬಲು ಬಿಗಿ. ಮುಖದ ಮೇಲೆ ಇಳಿಸಿಕೊಂಡರೆ ಕಣ್ಣಿಗೆ ತೂತೇ ಇಲ್ಲ, ನೆತ್ತಿಯ ಕಡೆಯಿಂದ ಮಾತ್ರ ತಣ್ಣಗೆ ಗಾಳಿ ಬರುತ್ತಿದೆ. ಇದೆಂಥ ಟೋಪಿ ಹೊಲಿದಿದ್ದಾರಪ್ಪ ಎಂದು ಗೊಣಗಿಕೊಂಡು ನಿಂತಿದ್ದಾಗ ನನ್ನ ಹೆಂಡತಿ ರತ್ನ ಅಡುಗೆಮನೆಯಿಂದ ಬಂದು ನೋಡಿದಳು. ನಗು ತಡೆದುಕೊಂಡು, "ಅದು ಅತ್ತೆಯವ್ರ ಕಾಲಿನ ರವಿಕೆ ಕಣ್ರೀ" ಎಂದಳು.

ಕಾಲಿನ ರವಿಕೆ ಎಂಬುದು ನಮ್ಮವ್ವ ನೀಕ್ಯಾಪಿಗೆ ಇಟ್ಟ ಹೆಸರು. ಮೊಣಕಾಲು ನೋವಿನವರು ಬಿಗಿಯಾಗಿ ಏರಿಸಿಕೊಳ್ಳುತ್ತಾರಲ್ಲ, ಆ ಎಲಾಸ್ಟಿಕ್ ಪಟ್ಟಿ. ಅದನ್ನು ಹಾಕಿಕೊಂಡು ನಮ್ಮವ್ವ ಒಂದು ಯುದ್ಧಭೂಮಿಗೆ ಹೋಗಿ ಬಂದಳು. ಹಾಗಂದರೆ ನೀವು ನಗಬಹುದು. ಆದರೆ ಹೋಗಿ ಬಂದದ್ದು ನಿಜ, ಜೊತೆಯಲ್ಲಿ ಹೋಗಿದ್ದವನು ನಾನೇ.

ನಮ್ಮದು ನಂಜನಗೂಡು ತಾಲ್ಲೂಕಿನ ಹೆಡತಲೆ. ಅಪ್ಪ ತೀರಿಕೊಂಡ ಮೇಲೆ ಅವ್ವ ನಂಜನಗೂಡಿನಲ್ಲಿ ನಮ್ಮ ಜೊತೆಯಲ್ಲೇ ಇದ್ದಾಳೆ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಅದರಲ್ಲೂ ಭೂಗೋಳವೆಂದರೆ, ನಕ್ಷೆಗಳೆಂದರೆ ಪ್ರಾಣ. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನಿದ್ದಾನೆ, ಅವನ ಪಕ್ಕದ ಗೂಡಿನಲ್ಲಿ ಅವ್ವನ ಮಾದಪ್ಪನೂ ಇದ್ದಾನೆ. ಇಬ್ಬರಿಗೂ ಅವ್ವ ಒಂದೇ ಕಡ್ಡಿಯಿಂದ ದೀಪ ಹಚ್ಚುತ್ತಾಳೆ. ಇಬ್ಬರಲ್ಲಿ ಯಾರೂ ಈವರೆಗೆ ಬೇಸರ ಮಾಡಿಕೊಂಡಂತಿಲ್ಲ.

ಒಮ್ಮೆ ಅವ್ವ ಊರಿಗೆ ಹೋಗಿದ್ದಾಗ ಅಲ್ಲಿನ ನಮ್ಮ ಬೀದಿಯ ಭವನದಲ್ಲಿ ಒಂದು ಸಭೆ ನಡೆದಿತ್ತು. ಯಾರೋ ಮಾತಾಡಿದವರು ಕೋರೆಗಾಂವ್ ಯುದ್ಧದ ವಿಷಯ ಹೇಳಿದ್ದಾರೆ. ಪುಣೆಯ ಹತ್ತಿರ ಭೀಮಾ ನದಿಯ ದಂಡೆಯಲ್ಲಿ, ಇನ್ನೂರು ವರ್ಷಗಳ ಹಿಂದೆ, ಪೇಶ್ವೆಯ ದೊಡ್ಡ ಸೈನ್ಯವನ್ನು ಕಂಪನಿಯ ಒಂದು ಸಣ್ಣ ತುಕಡಿ ಹಗಲಿಡೀ ತಡೆದು ನಿಂತ ಜಾಗ ಅದು. ಆ ತುಕಡಿಯಲ್ಲಿ ಬಹಳ ಮಂದಿ ಮಹಾರರು. ಮಹಾರರೆಂದರೆ ಆ ಸೀಮೆಯ ನಮ್ಮವರು. ಅಲ್ಲಿ ಸತ್ತವರ ಹೆಸರು ಕೆತ್ತಿದ ಒಂದು ಕಲ್ಲಿನ ಸ್ತಂಭವಿದೆ. ಹೊಸ ವರ್ಷದ ಮೊದಲ ದಿನ ದೇಶದ ಎಲ್ಲ ಕಡೆಯಿಂದ ಜನ ಅಲ್ಲಿಗೆ ಹೋಗುತ್ತಾರೆ. ನಂಜನಗೂಡು, ನರಸೀಪುರದ ಕಡೆಯಿಂದಲೂ ಬಸ್ಸುಗಳು ಹೊರಡುತ್ತವೆ. ಇದೆಲ್ಲ ನನಗೆ ಗೊತ್ತಿದ್ದ ಸಂಗತಿಯೇ. ಅವ್ವನಿಗೆ ಹೊಸದು. ಊರಿಂದ ಬಂದವಳು ಚೀಲವನ್ನು ಕೆಳಗಿಡುವ ಮೊದಲೇ ಹೇಳಿದಳು:

"ಕಲ್ಲ ಮ್ಯಾಲ ನಮ್ಮೋರ ಎಸ್ರು ಕೆತ್ತವ್ರಂತ ಕಣಪ್ಪ. ಓಗಿ ನೋಡ್ಬೇಕು."

ಅವ್ವನಿಗೆ ಓದು ಬರುವುದಿಲ್ಲ. ಓದಲು ಬಾರದವಳು ಅಷ್ಟು ದೂರ ಹೋಗಿ ಕಲ್ಲಿನ ಮೇಲಿನ ಹೆಸರು ನೋಡುವುದೇನು ಎಂದು ನಾನು ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎನ್ನುವುದಕ್ಕೆ ಒಂದು ಹಳೆಯ ಸಂಗತಿಯಿದೆ.

ನಾನು ಚಿಕ್ಕವನಿದ್ದಾಗ ಹುಲ್ಲಹಳ್ಳಿಯ ಕಡೆ ನಾಲೆಗೆ ಕಲ್ಲು ಕಟ್ಟುವ ಕೆಲಸ ನಡೆಯುತ್ತಿತ್ತು. ಅವ್ವ ಆ ಕೆಲಸಕ್ಕೆ ಹೋಗುತ್ತಿದ್ದಳು. ಹಳೆ ಸೀರೆಯ ತುಂಡನ್ನು ಸುತ್ತಿ ಸಿಂಬೆ ಮಾಡಿ ತಲೆಯ ಮೇಲಿಟ್ಟುಕೊಂಡು, ಅದರ ಮೇಲೆ ಕಲ್ಲು ಹೊತ್ತು, ನಾಲೆಯ ಏರಿಯಿಂದ ತಳಕ್ಕೆ ಇಳಿದು ಹತ್ತುವ ಕೆಲಸ. ನನ್ನನ್ನು ಜಾಲಿಮರದ ನೆರಳಿಗೆ ಕೂರಿಸಿ ಹೋಗುತ್ತಿದ್ದಳು. ನಾನು ಕಬ್ಬಿನ ಸೋಗೆಯನ್ನು ಕತ್ತಿ ಮಾಡಿಕೊಂಡು ಗಾಳಿಯ ಜೊತೆ ಕಾದಾಡುತ್ತಿದ್ದೆ. ಕೆಲಸ ಮುಗಿದ ಮೇಲೆ ಏರಿಯ ಪಕ್ಕದಲ್ಲಿ ಒಂದು ಕಲ್ಲು ನೆಟ್ಟು ಅದರ ಮೇಲೆ ಹೆಸರುಗಳನ್ನು ಬರೆಸಿದರು. ನಾನಾಗ ಒತ್ತಕ್ಷರ ಓದಲು ಹೊಸದಾಗಿ ಕಲಿತಿದ್ದೆ. ಹೆಂಗಸರೆಲ್ಲ ಸೇರಿ ನನ್ನನ್ನು ಕಲ್ಲಿನ ಮುಂದೆ ನಿಲ್ಲಿಸಿ ಓದಿಸಿದರು. ಮಂತ್ರಿಗಳಿಂದ ಹಿಡಿದು ಕಂಟ್ರಾಕ್ಟರನವರೆಗೆ ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಅವರಲ್ಲೊಬ್ಬಳು, ನಮ್ಮ ಹೆಸರುಗಳು ಕೆಳಗಿರಬೇಕು ನೋಡು ಮಗ ಎಂದಳು. ನಾನು ನಂಬಿಬಿಟ್ಟೆ. ಕುಕ್ಕರುಗಾಲಲ್ಲಿ ಕೂತು, ಕಲ್ಲಿನ ಬುಡದ ಮಣ್ಣನ್ನು ಕೆದರಿ ಕೆದರಿ ಹುಡುಕಿದೆ. ಹೆಂಗಸರು ಬಿದ್ದು ಬಿದ್ದು ನಕ್ಕರು. ಅವ್ವ ನಕ್ಕಳೋ ಇಲ್ಲವೋ ನನಗೆ ನೆನಪಿಲ್ಲ. ಉಗುರಿನೊಳಗೆ ಸೇರಿದ ಮಣ್ಣನ್ನು ಆ ಸಂಜೆ ಕಡ್ಡಿಯಿಂದ ತೆಗೆಯುತ್ತಾ ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದಳು, ಅಷ್ಟು ನೆನಪಿದೆ.

ಹಾಗಾಗಿ ನಾನು ಆ ಪ್ರಶ್ನೆ ಕೇಳಲಿಲ್ಲ. ಬದಲಿಗೆ ಮೇಷ್ಟ್ರ ಬುದ್ಧಿ ಉಪಯೋಗಿಸಿದೆ. ಅವ್ವ ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ ಎದುರು ಕುರ್ಚಿ ಹಾಕಿಕೊಂಡು, ಅದು ಕಂಪನಿಯವರ ಸೈನ್ಯವೆಂದೂ, ಅವರು ಕಾದಿದ್ದು ಬ್ರಿಟಿಷರ ಕಡೆಯಿಂದ ಎಂದೂ, ಆ ಯುದ್ಧದ ಬಗ್ಗೆ ಓದಿದವರಲ್ಲಿ ನಾಲ್ಕಾರು ಅಭಿಪ್ರಾಯಗಳಿವೆ ಎಂದೂ ವಿವರಿಸಿದೆ. ಅವ್ವ ಕಾಯಿ ಬಿಡಿಸುವುದನ್ನು ನಿಲ್ಲಿಸದೆ ಪೂರ್ತಿ ಕೇಳಿಸಿಕೊಂಡಳು.

"ಕೂಲಿಗ ಓಗೋರು ಯಾರ ಗದ್ದ ಅಂತ ನೋಡಕಾಯ್ತದಾ? ನಾನು ಯಾರ್ಯಾರ ಗದ್ದಲೋ ನಾಟಿ ಆಕಿವ್ನಿ. ನಾಟಿ ಆಕಿದ್ದು ನಾನೇ ತಾನೇ?"

ನಾನು ಕುರ್ಚಿಯಿಂದ ಇಳಿದು ಅವರೆಕಾಯಿ ಬಿಡಿಸಲು ಕೂತೆ.

ಇನ್ನು ಉಳಿದಿದ್ದ ಒಂದೇ ಅಡ್ಡಿ ಅವ್ವನ ಮೊಣಕಾಲು. ಮೈಸೂರಿನ ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಕೀಲು ಸವೆದಿದೆ ಎಂದರು. ನೆಲದ ಮೇಲೆ ಕೂರಬಾರದು, ಬಹಳ ಹೊತ್ತು ನಿಲ್ಲಬಾರದು, ಮೆಟ್ಟಿಲು ಹತ್ತಬಾರದು ಎಂದು ಹೇಳಿದರು. ಕೋರೆಗಾಂವ್ ಮಾತು ಎತ್ತಿದರೆ ಡಾಕ್ಟರೇ ಬೇಡವೆನ್ನುತ್ತಾರೆ, ನನ್ನ ಹೊಣೆ ತಪ್ಪುತ್ತದೆ ಎಂದು ನಾನು ಎಣಿಸಿದ್ದೆ. ಆದರೆ ಅವ್ವನೇ ಬಾಯಿ ಹಾಕಿ, "ಕುಂತ್ಕಬ್ಯಾಡ, ನಿಂತ್ಕಬ್ಯಾಡ ಅಂದ್ರ ನಡಕಂಡಿರು ಅಂತಾಯ್ತಲ್ಲ ಸಾ" ಎಂದಳು. ಡಾಕ್ಟರು ನಕ್ಕುಬಿಟ್ಟರು. ಸಮತಟ್ಟಾದ ನೆಲದ ಮೇಲೆ ಸ್ವಲ್ಪ ಸ್ವಲ್ಪವೇ ನಡೆದು ಅಭ್ಯಾಸ ಮಾಡಿ, ಇದನ್ನು ಹಾಕಿಕೊಳ್ಳಿ ಎಂದು ಚೀಟಿಯಲ್ಲಿ ನೀಕ್ಯಾಪು ಬರೆದುಕೊಟ್ಟರು. ಹೀಗೆ ನಮ್ಮ ಮನೆಗೆ ಕಾಲಿನ ರವಿಕೆ ಬಂತು.

ಮಾರನೆಯ ಬೆಳಿಗ್ಗೆಯಿಂದಲೇ ಅವ್ವ ನಡೆಯಲು ಶುರು ಮಾಡಿದಳು. ಮೊದಮೊದಲು ಬೀದಿಯ ತುದಿಯ ಹಾಲಿನ ಬೂತಿನವರೆಗೆ. ಅಲ್ಲಿ ಕಲ್ಲುಬೆಂಚಿನ ಮೇಲೆ ಕೂತು ಮೊಣಕಾಲು ನೀವಿಕೊಂಡು ವಾಪಸ್ಸು. ಆಮೇಲೆ ರೈಲ್ವೆ ಗೇಟಿನವರೆಗೆ. ಆಮೇಲೆ ಕಪಿಲೆಯ ದಂಡೆಗೆ. ಜೊತೆಗೆ ಹೋಗುತ್ತಿದ್ದವಳು ರತ್ನ. ಅತ್ತೆಯ ಮೊಣಕಾಲಿಗೆ ಏನಾಯಿತೋ ಗೊತ್ತಿಲ್ಲ, ಸೊಸೆ ಮಾತ್ರ ತೆಳ್ಳಗಾಗುತ್ತಾ ಬಂದಳು. ನಾನು ಒಂದೆರಡು ದಿನ ಹೋಗಿ ನೋಡಿದೆ. ಅವ್ವ ಹೆಜ್ಜೆ ಹಾಕುವ ಕ್ರಮವೇ ಬೇರೆ. ಬಲಗಾಲಿಟ್ಟು, ಒಂದು ಕ್ಷಣ ನಿಂತು, ನೋವು ಬಂದು ಹೋಗುವುದನ್ನು ಕಾದು, ಎಡಗಾಲು ಎತ್ತುತ್ತಾಳೆ. ಮಾತಾಡುವುದಿಲ್ಲ. ಯಾರಾದರೂ ಪರಿಚಯದವರು ಎದುರು ಬಂದು, ಏನ್ ಚಿಕ್ಕತಾಯಮ್ಮ ವಾಕಿಂಗಾ ಎಂದು ಕೇಳಿದರೆ, ಯುದ್ಧ ನೋಡಕ ಓಯ್ತಾ ಇವ್ನಿ ಎಂದಷ್ಟೇ ಹೇಳಿ ಮುಂದೆ ಹೋಗುತ್ತಾಳೆ. ಅವರು ನನ್ನ ಮುಖ ನೋಡುತ್ತಾರೆ.

ನಡುವೆ ಒಂದು ದಿನ ಮೊಣಕಾಲು ಊದಿಕೊಂಡಿತು. ಮಡಕೆಯ ಹಾಗೆ ಊದಿ, ಕಾಲು ಮಡಿಸಲಾಗದೆ ಅವ್ವ ಮಂಚದ ಮೇಲೆ ಮಲಗಿದಳು. ರತ್ನ ಬಾಣಲೆಯಲ್ಲಿ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟಳು. ನಾನು ಪಕ್ಕದಲ್ಲಿ ಕೂತು, ಈ ವರ್ಷ ಬೇಡ ಬಿಡವ್ವ, ವಾಸಿಯಾದ ಮೇಲೆ ನೋಡೋಣ ಎಂದೆ. ಅವ್ವ ಗೋಡೆಯ ಕಡೆ ತಿರುಗಿ ಮಲಗಿದಳು. ಒಪ್ಪಿದಳು ಎಂದುಕೊಂಡು, ಬಸ್ಸಿನಲ್ಲಿ ನಮಗೂ ಸೀಟು ಹಿಡಿದಿಟ್ಟಿದ್ದ ನರಸೀಪುರದ ಅಕ್ಕನಿಗೆ ಫೋನು ಮಾಡಿ, ನಾವು ಬರುವುದಿಲ್ಲ ಎಂದು ಹೇಳಿಯೂಬಿಟ್ಟೆ. ಊತ ಇಳಿದ ಬೆಳಿಗ್ಗೆ ನಾನು ಹಾಸಿಗೆಯಲ್ಲಿರುವಾಗಲೇ ಬೀದಿ ಬಾಗಿಲಿನ ಚಿಲಕ ತೆಗೆದ ಸದ್ದಾಯಿತು. ಕಿಟಕಿಯಿಂದ ನೋಡಿದರೆ ಅವ್ವ ಒಬ್ಬಳೇ ಗೋಡೆ ಹಿಡಿದುಕೊಂಡು ಹಾಲಿನ ಬೂತಿನ ಕಡೆಗೆ ಹೊರಟಿದ್ದಳು. ಎಲ್ಲಿಂದ ಶುರು ಮಾಡಿದ್ದಳೋ ಮತ್ತೆ ಅಲ್ಲಿಂದ. ನಾನು ಅಕ್ಕನಿಗೆ ಪುನಃ ಫೋನು ಮಾಡಿದೆ. ಅಕ್ಕ ನಕ್ಕಳು. ನಿನ್ನ ಮಾತು ನಂಬಿ ಯಾರು ಸೀಟು ಬಿಟ್ಟುಕೊಟ್ಟಿದ್ದಾರೆ, ಅವ್ವನ ಸೀಟು ಡ್ರೈವರ್ ಹಿಂದುಗಡೆ ಹಾಗೇ ಇದೆ ಎಂದಳು.

ಡಿಸೆಂಬರ್ ಕೊನೆಯ ಹೊತ್ತಿಗೆ ಅವ್ವ ಕಪಿಲೆಯ ಹಳೇ ಸೇತುವೆಯವರೆಗೂ ಹೋಗಿ ಬರುತ್ತಿದ್ದಳು.

ನನಗೂ ಈಗ ಹೋಗುವುದು ಅನಿವಾರ್ಯವಾಯಿತು. ಶಾಲೆಯಲ್ಲಿ ಹತ್ತನೆಯ ತರಗತಿಯ ವಿಶೇಷ ಪಾಠಗಳಿದ್ದವು. ಹೆಡ್ಮಾಸ್ಟರ ಮುಂದೆ ನಿಂತು, ವಯಸ್ಸಾದ ತಾಯಿ, ಓದು ಬರಹ ಇಲ್ಲ, ಭಾಷೆ ಗೊತ್ತಿಲ್ಲದ ಊರು, ಲಕ್ಷಗಟ್ಟಲೆ ಜನ, ಕಳೆದುಹೋದರೆ ಗತಿಯೇನು ಸಾರ್ ಎಂದು ಕೇಳಿಕೊಂಡೆ. ಅವರು ಕರಗಿ ರಜೆ ಕೊಟ್ಟರು.

ಬಸ್ಸು ಹೊರಟಿದ್ದು ಟಿ. ನರಸೀಪುರದಿಂದ. ಅಲ್ಲಿನ ರೇಷ್ಮೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ನಮ್ಮ ಭಾವ, ಅಂದರೆ ಅಕ್ಕನ ಗಂಡ, ಅದರ ಮುಖ್ಯಸ್ಥ. ನೀಲಿ ಬಾವುಟಗಳನ್ನು ಬಸ್ಸಿನ ಮುಂದೆ ಹಿಂದೆ ಕಟ್ಟಿಸಿ, ಸೀಟಿ ಊದಿ ಎಲ್ಲರನ್ನೂ ಹತ್ತಿಸಿದ. ಅಕ್ಕ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಕೋಡುಬಳೆಗಳನ್ನು ಒಂದು ಸೈನ್ಯಕ್ಕೆ ಸಾಲುವಷ್ಟು ಕಟ್ಟಿದ್ದಳು. ನಮ್ಮ ಮನೆಯಲ್ಲಿ ಟೂರು ಅಂತ ಹೋದವರು ಕಡಿಮೆ. ನಾವು ಕೂಡಿ ಪ್ರಯಾಣ ಮಾಡಿದ್ದೆಲ್ಲ ಮದುವೆಗೆ, ತಿಥಿಗೆ, ಇಲ್ಲವೇ ಆಸ್ಪತ್ರೆಗೆ. ಆದ್ದರಿಂದ ಬಸ್ಸು ಸೇತುವೆ ದಾಟುವಾಗ ಎಲ್ಲರಿಗೂ ಏನೋ ತಪ್ಪು ಮಾಡುತ್ತಿರುವ ಮಕ್ಕಳ ಹಾಗೆ ಖುಷಿಯಾಗಿತ್ತು. ಅವ್ವ ಮಾತ್ರ ಕೆಲಸಕ್ಕೆ ಹೊರಟವಳ ಹಾಗೆ ಸೆರಗು ಬಿಗಿದುಕೊಂಡು, ಡ್ರೈವರ್ ಹಿಂದೆ ನೆಟ್ಟಗೆ ಕೂತಿದ್ದಳು. ದಾರಿಯುದ್ದಕ್ಕೂ ಹೊಲ ನೋಡಿದಳು. ಇಲ್ಲಿ ಕಬ್ಬು ಎತ್ತರ ಬರುವುದಿಲ್ಲ, ಇಲ್ಲಿ ಮಣ್ಣು ಕಪ್ಪು, ಇಲ್ಲಿ ಈರುಳ್ಳಿ ಹಾಕಿದ್ದಾರೆ ಎಂದು ಹೊರಗಡೆ ನೋಡುತ್ತಲೇ ನಮಗೆ ವರದಿ ಒಪ್ಪಿಸುತ್ತಿದ್ದಳು.

ಯುದ್ಧಭೂಮಿ ಎಂದರೆ ನನ್ನ ತಲೆಯಲ್ಲಿ ಇದ್ದದ್ದು ಶ್ರೀರಂಗಪಟ್ಟಣ. ಪ್ರೈಮರಿ ಶಾಲೆಯಿಂದ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಕೋಟೆ, ಕಂದಕ, ಬಂದೀಖಾನೆ, ಫಿರಂಗಿ. ಮೇಷ್ಟ್ರು ಫಿರಂಗಿಯ ಪಕ್ಕ ನಿಂತು ಪಾಠ ಮಾಡುತ್ತಿದ್ದರೆ ನಾವು ಐಸ್‌ಕ್ಯಾಂಡಿಯವನ ಗಂಟೆಗೆ ಕಿವಿ ಕೊಟ್ಟಿದ್ದೆವು. ನಾನೊಂದು ಪ್ಲಾಸ್ಟಿಕ್ ಕತ್ತಿ ಕೊಂಡಿದ್ದೆ. ಲಾರಿಯಲ್ಲಿ ವಾಪಸ್ಸು ಬರುವಾಗ ಅದರ ಮೇಲೆಯೇ ಕೂತು ಮುರಿದುಕೊಂಡೆ. ಯುದ್ಧದಿಂದ ನನಗಾದ ನಷ್ಟ ಅಷ್ಟೇ.

ಕೋರೆಗಾಂವಿನಲ್ಲಿ ಕೋಟೆಯೂ ಇಲ್ಲ, ಫಿರಂಗಿಯೂ ಇಲ್ಲ. ನಮ್ಮ ಬಸ್ಸನ್ನು ಊರಿನಿಂದ ಬಹಳ ಈಚೆಗೆ ಒಂದು ಬಯಲಿನಲ್ಲಿ ನಿಲ್ಲಿಸಿದರು. ಬಯಲು ತುಂಬ ಬಸ್ಸುಗಳು. ಅಲ್ಲಿಂದ ಮುಂದೆ ರಸ್ತೆಯೇ ಕಾಣುವುದಿಲ್ಲ, ಜನ. ಕೂಸು ಹೊತ್ತವರು, ಬಿಳಿ ಸೀರೆಯ ಮುದುಕಿಯರು, ತಮಟೆ ಬಾರಿಸುವವರು, ಸೂಟು ಹಾಕಿದವರು. ಎದುರುಬದುರಾದವರೆಲ್ಲ ಜೈಭೀಮ್ ಎನ್ನುತ್ತಿದ್ದರು. ಪೊಲೀಸರ ಬಂದೋಬಸ್ತು ಜೋರಾಗಿತ್ತು. ಭಾವ ಕೈಯನ್ನು ಕಣ್ಣಿಗೆ ಅಡ್ಡ ಹಿಡಿದು ಸುತ್ತ ನೋಡಿ, ಯುದ್ಧ ಆಗಿದ್ದು ಎಲ್ಲಪ್ಪ, ಬರೀ ಜೋಳದ ಹೊಲ ಕಾಣ್ತದೆ ಎಂದು ಬೇಜಾರು ಮಾಡಿಕೊಂಡ. ಅವ್ವ ಕಾಲಿನ ರವಿಕೆಯನ್ನು ಸರಿಮಾಡಿಕೊಂಡು, ಹೊಲದಲ್ಲೇ ಅಲ್ವಾ ಜನ ಸಾಯದು ಎಂದು ಹೇಳಿ ನಡೆಯತೊಡಗಿದಳು.

ಆ ನಡಿಗೆಯನ್ನು ಹೇಗೆ ಹೇಳಲಿ? ಬಿಸಿಲು ಏರಿತ್ತು. ನೂಕುನುಗ್ಗಲಲ್ಲಿ ರತ್ನ ಒಂದು ಕಡೆ, ಅಕ್ಕ ಒಂದು ಕಡೆ ಅವ್ವನ ತೋಳು ಹಿಡಿದಿದ್ದರು. ಸಾಲು ಒಮ್ಮೆ ಓಡುತ್ತದೆ, ಒಮ್ಮೆ ನಿಂತೇಬಿಡುತ್ತದೆ. ಓಡುವುದು ಅವ್ವನಿಗೆ ಕಷ್ಟ, ನಿಲ್ಲುವುದು ಅದಕ್ಕಿಂತ ಕಷ್ಟ. ಸ್ತಂಭದ ತುದಿ ದೂರದಿಂದ ಕಾಣಿಸಿಕೊಂಡಾಗ ಅವ್ವನ ಮೇಲ್ತುಟಿಯ ಮೇಲೆ ಬೆವರು ಸಾಲುಗಟ್ಟಿತ್ತು. ಕಾಲು ನಡುಗುತ್ತಿತ್ತು. ನಾನು ಹತ್ತಿರ ಹೋಗಿ, ಅವ್ವ ಇಲ್ಲಿಂದಲೇ ಕೈ ಮುಗಿದುಬಿಡು, ಕಾಣ್ತಾ ಇದೆಯಲ್ಲ ಎಂದೆ. ಪಕ್ಕದ ಸಾಲಿನಲ್ಲಿದ್ದ ಒಬ್ಬ ಹೆಂಗಸು, ನಮ್ಮ ಅವ್ವನ ವಯಸ್ಸಿನವಳೇ, ಇವಳ ಕಾಲು ನೋಡಿ ಮರಾಠಿಯಲ್ಲಿ ಏನೋ ಕೇಳಿದಳು. ಅವ್ವ ಕನ್ನಡದಲ್ಲಿ ಉತ್ತರ ಕೊಟ್ಟಳು. ಅವಳು ತನ್ನ ಸೀರೆಯನ್ನು ಗೇಣು ಮೇಲೆತ್ತಿ ತೋರಿಸಿದಳು. ಅವಳಿಗೂ ನೀಕ್ಯಾಪು. ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಅವ್ವ ನಮ್ಮ ಯಾರ ತೋಳನ್ನೂ ಹಿಡಿಯಲಿಲ್ಲ. ಅವಳ ಕೈ ಹಿಡಿದಳು. ಒಂದು ಮಾತೂ ಅರ್ಥವಾಗದ ಆ ಇಬ್ಬರು ಮುಂದೆ ಮುಂದೆ, ನಾವು ಹಿಂದೆ ಹಿಂದೆ.

ಸ್ತಂಭಕ್ಕೆ ಹೂವಿನ ಅಲಂಕಾರ ಮಾಡಿದ್ದರು. ನಮ್ಮ ಸರದಿ ಬಂದಾಗ ನಿಲ್ಲಲು ಯಾರೂ ಬಿಡುವುದಿಲ್ಲ, ಹಿಂದಿನವರು ನೂಕುತ್ತಾರೆ, ಪೊಲೀಸರು ಮುಂದೆ ನಡೆಯಿರಿ ಎನ್ನುತ್ತಾರೆ. ಅವ್ವ ಹೂವಿನ ಸರವೊಂದನ್ನು ಎರಡು ಬೆರಳಿಂದ ಮೆಲ್ಲಗೆ ಸರಿಸಿ, ಕಲ್ಲಿನ ಮೇಲೆ ಅಂಗೈಯನ್ನು ಪೂರ್ತಿ ಊರಿ ನಿಂತಳು. ನನ್ನ ಕಡೆ ತಿರುಗಿ, "ಓದು" ಎಂದಳು.

ನಾನು ಓದಿದೆ. ಬಹಳಷ್ಟು ಹೆಸರುಗಳ ಕೊನೆಯಲ್ಲಿ ನಾಕ, ನಾಕ ಎಂದು ಒಂದೇ ಬಾಲ. ಅವ್ವ ಒಂದೊಂದು ಹೆಸರಿಗೂ ತಲೆಯಾಡಿಸಿದಳು, ಮದುವೆ ಮನೆಯಲ್ಲಿ ಬಂದ ನೆಂಟರನ್ನು ಗುರುತಿಸುವ ಹಾಗೆ. ಅದೇನು ಎಲ್ಲರಿಗೂ ನಾಕ, ನಮ್ಮಲ್ಲಿ ಅಯ್ಯ ಅಯ್ಯ ಅನ್ನುವ ಹಾಗಾ ಎಂದು ಕೇಳಿದಳು. ಹಾಗೇ ಇರಬೇಕು ಎಂದೆ. ಪೊಲೀಸಿನವಳೊಬ್ಬಳು ಬಂದು ಅವ್ವನ ಭುಜ ಮುಟ್ಟಿದಳು. ಅವಳೂ ಚಿಕ್ಕ ಹುಡುಗಿ, ಬಿಸಿಲಿಗೆ ಸುಸ್ತಾಗಿದ್ದಳು. ಅವ್ವ ಕದಲಲಿಲ್ಲ. ಆ ಹುಡುಗಿ ಅವ್ವನ ಮುಖ ನೋಡಿ, ಏನನ್ನಿಸಿತೋ, ಹಿಂದಿನವರಿಗೆ ಕೈ ಅಡ್ಡ ಹಿಡಿದು ನಿಂತಳು. ಕೊನೆಯ ಹೆಸರು ಮುಗಿದ ಮೇಲೆ ಅವ್ವ ಕೈ ತೆಗೆದಳು. "ಈ ಕಲ್ಲುಗಳ್ನೆಲ್ಲ ತಲ ಮ್ಯಾಲ ಯಾರು ಒತ್ತಿದ್ರೋ" ಎಂದು ತನ್ನಷ್ಟಕ್ಕೆ ಹೇಳಿಕೊಂಡು ಕೆಳಗಿಳಿದಳು.

ಇಲ್ಲಿಗೆ ನನ್ನ ಕೆಲಸ ಮುಗಿಯಿತು, ಅವ್ವನನ್ನು ಜೋಪಾನವಾಗಿ ಕರೆತಂದೆ ಎಂದು ನನಗೆ ಹೆಮ್ಮೆಯಾಯಿತು. ಎಲ್ಲರನ್ನೂ ಒಂದು ಬೇವಿನ ಮರದ ಕೆಳಗೆ ಕೂರಿಸಿ, ಕುಡಿಯುವ ನೀರು ತರುತ್ತೇನೆಂದು ಹೊರಟೆ. ಫೋನನ್ನು ರತ್ನನ ಚೀಲಕ್ಕೆ ಹಾಕಿದ್ದೆ. ಗುರುತಿಗೆಂದು ಆ ಮರದ ಪಕ್ಕ ಇದ್ದ ನೀಲಿ ಬಾವುಟವನ್ನು ಚೆನ್ನಾಗಿ ನೋಡಿಟ್ಟುಕೊಂಡೆ. ಆ ದಿನ ಆ ಬಯಲಿನಲ್ಲಿ ನೀಲಿ ಬಾವುಟವನ್ನು ಗುರುತು ಇಟ್ಟುಕೊಂಡವನ ಬುದ್ಧಿಯನ್ನು ನೀವೇ ಅಳೆಯಿರಿ. ನೀರಿನ ಬಾಟಲಿಗಳನ್ನು ಹಿಡಿದು ತಿರುಗಿದರೆ ಯಾವ ಕಡೆ ನೋಡಿದರೂ ಬೇವಿನ ಮರ, ಯಾವ ಮರ ನೋಡಿದರೂ ನೀಲಿ ಬಾವುಟ. ಸೂರ್ಯನನ್ನು ನೋಡಿ ದಿಕ್ಕು ಕಂಡುಹಿಡಿದೆ. ಪಶ್ಚಿಮ ಯಾವುದೆಂದು ಖಚಿತವಾಗಿ ತಿಳಿಯಿತು. ಆದರೆ ನಮ್ಮವರು ಪಶ್ಚಿಮದಲ್ಲಿದ್ದಾರೋ ಪೂರ್ವದಲ್ಲಿದ್ದಾರೋ ಅದು ಮಾತ್ರ ತಿಳಿಯಲಿಲ್ಲ. ಒಬ್ಬರ ಫೋನು ಇಸಿದುಕೊಂಡು ರತ್ನನ ನಂಬರು ಒತ್ತಿದೆ. ಅಷ್ಟು ಜನರ ನಡುವೆ ಸಿಗ್ನಲ್ಲೇ ಇಲ್ಲ. ಅಲೆದೆ. ಬಂದ ದಾರಿಗೇ ಮತ್ತೆ ಬಂದೆ. ಬಾಟಲಿಯ ನೀರನ್ನೆಲ್ಲ ನಾನೇ ಕುಡಿದು ಮುಗಿಸಿದೆ. ಬಿಸಿಲು ಇಳಿಯತೊಡಗಿದಾಗ ನಿಜವಾದ ಭಯ ಶುರುವಾಯಿತು. ನನಗಾಗಿ ಕಾದು ಕಾದು, ಆ ಕಾಲಿನಲ್ಲಿ ಅವ್ವ ನನ್ನನ್ನು ಹುಡುಕಲು ಎದ್ದುಬಿಟ್ಟರೆ?

ಅಲ್ಲಲ್ಲಿ ಕಂಬಗಳಿಗೆ ಸ್ಪೀಕರ್ ಕಟ್ಟಿದ್ದರು. ಬೆಳಿಗ್ಗೆಯಿಂದ ಅದರಲ್ಲಿ ಒಬ್ಬ ಗಂಡಸು ಕಳೆದುಹೋದವರ ಹೆಸರನ್ನು ಮರಾಠಿಯಲ್ಲೂ ಹಿಂದಿಯಲ್ಲೂ ಕೂಗುತ್ತಲೇ ಇದ್ದ. ನನಗದು ರೂಢಿಯಾಗಿ ಕಿವಿಗೇ ಬೀಳುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಆ ದನಿ ನಿಂತಿತು. ಕರಕರ ಸದ್ದಾಯಿತು. ಯಾರೋ ಮೈಕಿಗೆ ಉಸಿರು ಬಿಟ್ಟರು. ಆಮೇಲೆ ಬಯಲಿನ ಅಷ್ಟೂ ಕಂಬಗಳಿಂದ ಒಟ್ಟಿಗೆ ನಮ್ಮವ್ವನ ದನಿ ಬಂತು.

"ಅಲೋ... ಇದ್ರಲ್ಲೇ ಮಾತಾಡ್ಬೇಕಾ? ಲೋ ಮಾದೇಸ್ವಾಮಿ. ನಾನು ಕಣಪ್ಪ, ನಿಮ್ಮವ್ವ."

ನಾನು ತಲೆಯೆತ್ತಿ ಹತ್ತಿರದ ಕಂಬ ನೋಡಿದೆ.

"ಮೈಸೂರು ಡಿಸ್ಟಿಕ್ಟು, ನಂಜನಗೂಡು ತಾಲೋಕು, ಎಡತಲೆ ಕೆಳಗಲ ಬೀದಿ ಪುಟ್ಟಸಿದ್ದಯ್ಯನ ಎಂಡ್ರು ಚಿಕ್ಕತಾಯಮ್ಮ ಮಾತಾಡ್ತಿರದು. ನನ್ ಮಗ ಕಳದೋಗವ್ನ. ಮೇಷ್ಟ್ರು ಅವನು. ಬಿಳಿ ಅಂಗಿ ಆಕವ್ನ. ಕನ್ನಡ ಬಲ್ಲೋರು ಯಾರಾರು ಕಂಡ್ರ ಒಸಿ ಕರ್ಕಬನ್ನಿ. ಬೈದು ಗೀದು ಮಾಡ್ಬೇಡಿ, ಎದ್ರುಪುಕ್ಲ ಅವನು."

ಬಿಳಿ ಅಂಗಿ ಹಾಕಿದ ಸಾವಿರಾರು ಗಂಡಸರ ನಡುವೆ ನಾನು ಸ್ಪೀಕರಿನ ತಂತಿ ಹೋಗಿದ್ದ ದಾರಿಯನ್ನು ಹಿಡಿದು ಓಡಿದೆ. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ. ನಾನು ಓಡುತ್ತಿದ್ದಷ್ಟು ಹೊತ್ತೂ ಅವ್ವನ ಮಾತು ನಿಲ್ಲಲಿಲ್ಲ. ಯಾಕೆ ನಿಲ್ಲಲಿಲ್ಲ ಎನ್ನುವುದು ಪ್ರಕಟಣೆಯ ಚಪ್ಪರದ ಹತ್ತಿರ ಬಂದ ಮೇಲೆ ತಿಳಿಯಿತು. ಮೈಕು ಕೊಟ್ಟ ಸ್ವಯಂಸೇವಕರಿಗೆ ಒಂದಕ್ಷರ ಕನ್ನಡ ಬರುವುದಿಲ್ಲ. ಪ್ರಕಟಣೆ ಮುಗಿಯಿತೋ ಇಲ್ಲವೋ ಅವರಿಗೆ ಗೊತ್ತಾಗುತ್ತಿಲ್ಲ. ಅವಳಷ್ಟು ಗಂಭೀರವಾಗಿ ಮಾತಾಡುತ್ತಿರುವಾಗ ಕೈಯಿಂದ ಕಿತ್ತುಕೊಳ್ಳುವುದು ಹೇಗೆಂದು ಸುಮ್ಮನೆ ಕೈಕಟ್ಟಿ ನಿಂತಿದ್ದಾರೆ.

ಅವ್ವ ಮೈಕನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ನಮ್ಮೂರಿನಲ್ಲಿ ಎಷ್ಟೋ ಸಭೆಗಳು ನಡೆದಿವೆ. ಅವ್ವ ಯಾವತ್ತೂ ಚಾಪೆಯ ಕೊನೆಯಲ್ಲಿ, ಮಕ್ಕಳನ್ನು ಗದರಿಸುತ್ತಾ ಕೂರುತ್ತಿದ್ದವಳು. ಮೇಲಿನ ಬೀದಿಯಲ್ಲಿ ಕೂಲಿ ಕೇಳುವಾಗಲೂ ಅವಳ ದನಿ ಅಂಗಳದ ಆಚೆಗೆ ಹೋಗುತ್ತಿರಲಿಲ್ಲ. ಆ ದನಿ ಈಗ ಊರು ದಾಟಿ, ಜೋಳದ ಹೊಲಗಳನ್ನು ದಾಟಿ, ನದಿಯ ಕಡೆಗೆ ಹೋಗುತ್ತಿತ್ತು. ಅವಳು ನನ್ನನ್ನು ಆಗಲೇ ಮರೆತುಬಿಟ್ಟಿದ್ದಳು. ಹುಲ್ಲಹಳ್ಳಿ ನಾಲೆಯಲ್ಲಿ ಕಲ್ಲು ಹೊತ್ತವರ ಹೆಸರು ಹೇಳುತ್ತಿದ್ದಳು.

"ನಾನಿದ್ದಿ. ನಮ್ಮತ್ಗ ಸಣ್ಣಮ್ಮ ಇದ್ಲು. ಮೂಲಮನ ಕೆಂಪಿ. ಎಮ್ಮರಗಾಲದಿಂದ ಬತ್ತಿದ್ಲಲ್ಲ ಮಾದಿ, ಬಸರೀಲೇ ಕಲ್ಲು ಒತ್ತವ್ಳು. ಮರಮ್ಮ. ಕುಳ್ಳ ದೇವಿ..."

ಚಪ್ಪರದ ಸುತ್ತ ಜನ ಸೇರಿದ್ದರು. ಕೊಳ್ಳೇಗಾಲದ ಕಡೆಯವರಿಬ್ಬರು ಕನ್ನಡ ಕೇಳಿ ಓಡಿ ಬಂದಿದ್ದರು, ಕಣ್ಣೊರೆಸಿಕೊಳ್ಳುತ್ತಿದ್ದರು. ಅಕ್ಕ, ರತ್ನ, ಭಾವ ಅವ್ವನ ಹಿಂದೆ ನಿಂತಿದ್ದರು. ರತ್ನ ನನ್ನನ್ನು ಕಂಡಳು. ಇವರು ಸಿಕ್ಕಿದರು ಎಂದು ಹೇಳಲು ಅವ್ವನ ಭುಜದ ಕಡೆ ಕೈ ಚಾಚಿದಳು. ನಾನು ಬೇಡವೆಂದು ಕೈಸನ್ನೆ ಮಾಡಿ, ಚಪ್ಪರದ ಕಂಬದ ಮರೆಗೆ ಸರಿದೆ. ನಾನು ಕಣ್ಣಿಗೆ ಬಿದ್ದರೆ ಅವ್ವ ಮೈಕು ಕೊಟ್ಟುಬಿಡುತ್ತಾಳೆ. ಅವಳಿಗೆ ಇನ್ನೂ ಹೇಳುವ ಹೆಸರುಗಳಿದ್ದವು. ಅವೆಲ್ಲ ಮುಗಿಯುವವರೆಗೆ ನಾನು ಕಳೆದುಹೋದವನಾಗಿಯೇ ನಿಂತಿದ್ದೆ.